ನೀರುನಾಯಿ ನಮ್ಮ ರೀಲ್ಸಿಗೆ ಪೋಸ್ ಕೊಡಲ್ಲ

ನಮ್ಮ ವಯಸ್ಸಿನ, ನಮ್ಮ ಸಂಬಳದವರ ಬಕೆಟ್ ಲಿಸ್ಟಿಗೆ ಈಚೆಗೆ ಒಂದು ಹೊಸ ಹೆಸರು ಸೇರಿದೆ: ಗಲಾಪಗೋಸ್. ಮೊದಲು ಲಡಾಖ್ ಇತ್ತು, ಆಮೇಲೆ ಬಾಲಿ ಬಂತು, ಆಮೇಲೆ ಐಸ್‌ಲ್ಯಾಂಡ್. ಈಗ ಈಕ್ವೆಡಾರ್ ತೀರದಿಂದ ಸುಮಾರು 1,000 ಕಿಲೋಮೀಟರ್ ಆಚೆ, ಪೆಸಿಫಿಕ್ ಸಾಗರದ ನಡುವೆ ಬಿದ್ದಿರುವ ಜ್ವಾಲಾಮುಖಿ ದ್ವೀಪಗಳ ಸುತ್ತ ನಾಲ್ಕು ರಾತ್ರಿ, ಐದು ಹಗಲಿನ ಯಾಟ್ ಕ್ರೂಸ್. ನೀಲಿ ಕಾಲಿನ ಬೂಬಿ ಹಕ್ಕಿ, ಸಮುದ್ರಕ್ಕೆ ಇಳಿದು ಪಾಚಿ ತಿನ್ನುವ ಇಗ್ವಾನಾ, ಅಜ್ಜನಷ್ಟು ವಯಸ್ಸಾದ ದೈತ್ಯ ಆಮೆ. ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೂ ಈ ವಿಡಿಯೋ ತೋರಿಸಿದರೆ ಮುಗೀತು, ಒಂದು ಮಾತು ಬಂದೇ ಬರುತ್ತೆ: "ನಮ್ ಕಡೆ ಇಂಥದ್ದೆಲ್ಲ ಎಲ್ಲಿದೆ ಗುರು?"

ಇದೆ ಅಂತ ಹೇಳಿ ಸುಮ್ಮನಾಗಬಹುದು. ಆದರೆ ಅದು ಅರ್ಧ ಉತ್ತರ. ಇದ್ದದ್ದನ್ನು ನಾವು ಹೇಗೆ ನೋಡ್ತಿದ್ದೀವಿ ಅನ್ನೋದು ಉಳಿದರ್ಧ, ಮತ್ತು ನನ್ನ ತಕರಾರು ಇರುವುದು ಅಲ್ಲೇ.

ನಾನು ಬೆಳೆದದ್ದು ಸಂಡೂರು ತಾಲೂಕಿನ ದೋಣಿಮಲೈನಲ್ಲಿ. ಹೆಸರಲ್ಲೇ ದೋಣಿ ಇಟ್ಟುಕೊಂಡ, ಸಮುದ್ರದ ಸುಳಿವೇ ಇಲ್ಲದ ಗಣಿ ಊರು. 1977ರಲ್ಲಿ ಎನ್‌ಎಂಡಿಸಿ ಇಲ್ಲಿ ಕಬ್ಬಿಣದ ಅದಿರು ತೆಗೆಯಲು ಶುರು ಮಾಡಿತು. ನಮ್ಮ ಬಿಳಿ ಯೂನಿಫಾರ್ಮು ಜೂನ್‌ನಲ್ಲಿ ಬಿಳಿ, ದಸರಾ ಹೊತ್ತಿಗೆ ಇಟ್ಟಿಗೆ ಬಣ್ಣ. ರಜೆ ಬಂದರೆ ಹೊಸಪೇಟೆ, ಹಂಪಿ, ಕಂಪ್ಲಿ. ಹಾಗಾಗಿ ನಾನು ಮುಂದೆ ಹೇಳುವ ಜಾಗಗಳೆಲ್ಲ ನನಗೆ 'ಡೆಸ್ಟಿನೇಶನ್' ಅಲ್ಲ, ಅಜ್ಜಿ ಊರಿಗೆ ಹೋಗುವ ದಾರಿ.

ಮೊದಲು ಗಲಾಪಗೋಸ್‌ಗೆ ನ್ಯಾಯ ಸಲ್ಲಿಸೋಣ. ಆ ಕ್ರೂಸಿನ ಜಾಹೀರಾತಿನಲ್ಲಿ ಡೆಕ್ ಮೇಲಿನ ಜಕೂಜಿ ಕಾಣುತ್ತೆ, ಸೂರ್ಯಾಸ್ತ ಕಾಣುತ್ತೆ. ಕಾಣದೇ ಇರೋದು ಅಲ್ಲಿನ ಕಟ್ಟುಪಾಡು. 1959ರಲ್ಲೇ ಅದು ರಾಷ್ಟ್ರೀಯ ಉದ್ಯಾನವಾಯಿತು. ದ್ವೀಪಗಳ ನೆಲದಲ್ಲಿ ಸುಮಾರು ಶೇಕಡಾ 97ರಷ್ಟು ಉದ್ಯಾನಕ್ಕೇ ಸೇರಿದ್ದು. ನೂರಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಅಲ್ಲಿ ಕ್ರೂಸ್ ನಡೆಸಲು ಅನುಮತಿ ಇಲ್ಲ. ಉದ್ಯಾನದ ಪರವಾನಗಿ ಪಡೆದ ಗೈಡ್ ಇಲ್ಲದೆ ದಡಕ್ಕೆ ಕಾಲಿಡುವಂತಿಲ್ಲ. ಒಬ್ಬ ಗೈಡ್ ಹಿಂದೆ ಇಷ್ಟೇ ಜನ ಅಂತ ಲೆಕ್ಕ. ಗುರುತು ಹಾಕಿದ ಕಾಲುದಾರಿ ಬಿಟ್ಟು ಆಚೆ ಹೋಗುವಂತಿಲ್ಲ. ಪ್ರಾಣಿಯಿಂದ 2 ಮೀಟರ್ ದೂರ ನಿಲ್ಲಬೇಕು, ಫ್ಲ್ಯಾಶ್ ಹಾಕುವಂತಿಲ್ಲ. ಒಂದು ಹಡಗು ಒಂದು ಜಾಗಕ್ಕೆ ಹೋಗಿ ಬಂದರೆ ಎರಡು ವಾರ ಅದೇ ಜಾಗಕ್ಕೆ ಮತ್ತೆ ಹೋಗುವಂತಿಲ್ಲ. 2024ರ ಆಗಸ್ಟ್‌ನಿಂದ ವಿದೇಶಿ ಪ್ರವಾಸಿಗರ ಪ್ರವೇಶ ಶುಲ್ಕ 100 ಡಾಲರ್‌ನಿಂದ 200 ಡಾಲರ್ ಆಗಿದೆ.

ಅಂದರೆ ಲಕ್ಷಗಟ್ಟಲೆ ಕೊಟ್ಟು, ಮೂರು ವಿಮಾನ ಬದಲಿಸಿ ಹೋಗುವ ಜನ ಅಲ್ಲಿ ದುಡ್ಡು ಕೊಡೋದು ಗೈಡ್ ಹತ್ತಿರ ಬೈಸಿಕೊಳ್ಳೋದಕ್ಕೆ. "ಹಿಂದೆ ಸರೀರಿ, ಕೂತ್ಕೊಳ್ಳಿ, ಮುಟ್ಬೇಡಿ." ಯಾರೂ ಅದನ್ನು ರೀಲ್ಸ್‌ನಲ್ಲಿ ಹಾಕಲ್ಲ, ಅಷ್ಟೇ.

'ಯಾರೂ ಮುಟ್ಟದ ಸ್ವರ್ಗ' ಅನ್ನೋ ಜಾಹೀರಾತಿನ ಮಾತಂತೂ ಶುದ್ಧ ಸುಳ್ಳು. 1835ರಲ್ಲಿ ಡಾರ್ವಿನ್ ಅಲ್ಲಿಗೆ ಹೋಗುವ ಮೊದಲೇ ತಿಮಿಂಗಿಲ ಬೇಟೆಯ ಹಡಗುಗಳು ಆಮೆಗಳನ್ನು ಸಾವಿರಗಟ್ಟಲೆ ತುಂಬಿಕೊಂಡು ಹೋಗುತ್ತಿದ್ದವು, ಊಟಕ್ಕೆ. 2007ರಲ್ಲಿ ಯುನೆಸ್ಕೋ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, 2010ರಲ್ಲಿ ತೆಗೆಯಿತು. ಆ ಕಟ್ಟುಪಾಡುಗಳೆಲ್ಲ ಪೆಟ್ಟು ತಿಂದ ಜಾಗ ಕಲಿತ ಪಾಠ. ನಮಗೂ ಪೆಟ್ಟು ಬಿದ್ದಿದೆ, ಪಾಠ ಮಾತ್ರ ಬಾಕಿ.

ಈಗ ನಮ್ಮ ಹೊಳೆಗೆ ಬನ್ನಿ.

ತುಂಗಭದ್ರಾ ಅಣೆಕಟ್ಟಿನ ಕೆಳಗೆ ಹೊಳೆ ಬಂಡೆಗಳ ನಡುವೆ ಕವಲೊಡೆದು, ಮತ್ತೆ ಕೂಡಿ, ಮತ್ತೆ ಒಡೆದು ಹರಿಯುತ್ತೆ. ನಡುವೆ ಉಳಿದ ನೆಲಕ್ಕೆ ನಮ್ಮ ಕಡೆ 'ಗಡ್ಡಿ' ಅಂತೀವಿ. ವಿರೂಪಾಪುರ ಗಡ್ಡಿ ನಿಮಗೆ ಗೊತ್ತಿರುತ್ತೆ. ಆನೆಗೊಂದಿ ಹತ್ತಿರ ನವಬೃಂದಾವನ ಇರುವುದೂ ಇಂಥದ್ದೇ ಗಡ್ಡಿಯಲ್ಲಿ. ಹೆಸರೇ ಇಲ್ಲದ ಸಣ್ಣ ಗಡ್ಡಿಗಳು ಬೇಕಾದಷ್ಟು. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಹಂಪಿಯೂ ಆನೆಗೊಂದಿಯೂ ಇದರ ನಡುವೆಯೇ ಬರುತ್ತವೆ. ಅಂದರೆ ಹಂಪಿಯಲ್ಲಿ ಪುಟ್ಟಿ ಹತ್ತಿದ ಪ್ರತಿಯೊಬ್ಬ ಪ್ರವಾಸಿಯೂ ತನಗೆ ಗೊತ್ತಿಲ್ಲದೆಯೇ ಒಂದು ವನ್ಯಜೀವಿ ಕ್ರೂಸ್ ಮಾಡಿರುತ್ತಾನೆ.

ಪುಟ್ಟಿ ಅಂದರೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇದನ್ನು ನೋಡಿ ಬರೆದಿಟ್ಟಿದ್ದಾನೆ: ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು, ನೇರ ಹೋಗಲು ಬಾರದೆ ಸುತ್ತುತ್ತಲೇ ಸಾಗುತ್ತೆ ಅಂತ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ಉಳಿದದ್ದು ಹಾಗೇ ಇದೆ. ಎಂಜಿನ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಮೊಣಕಾಲು ನೀರಿನಲ್ಲೂ ತೇಲುತ್ತೆ. ಪ್ರಾಣಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದೋಣಿ ಯಾವ ಯಾಟ್ ಕಂಪನಿಯ ಹತ್ತಿರವೂ ಇರಲಾರದು.

ಇಂಥ ದೋಣಿಯನ್ನು ನಾವು ಏನು ಮಾಡಿದ್ದೀವಿ? ಕಳೆದ ಚಳಿಗಾಲ ಗೆಳೆಯರ ಜೊತೆ 'ರಿವರ್ ಸಫಾರಿ' ಅಂತ ಬೋರ್ಡ್ ಹಾಕಿದ ಒಂದು ಕಡೆ ಹತ್ತಿದೆ. ಯಾವ ಸಂಸ್ಥೆ ಅಂತ ಹೇಳಲ್ಲ, ಅದು ಮುಖ್ಯವೂ ಅಲ್ಲ. ತಲೆಗೆ 500 ರೂಪಾಯಿ, ಅರ್ಧ ಗಂಟೆ. ಹತ್ತಿದ ಎರಡನೇ ನಿಮಿಷಕ್ಕೆ ಬ್ಲೂಟೂತ್ ಸ್ಪೀಕರ್ ಆನ್. ಐದನೇ ನಿಮಿಷಕ್ಕೆ ಪುಟ್ಟಿಯನ್ನು ಗರಗರ ತಿರುಗಿಸುವ ಐಟಂ. ಕಿರುಚಾಟ, ಮೇಲೆ ಡ್ರೋನ್. ಪಕ್ಕದ ಪುಟ್ಟಿಯವರದ್ದು ಬೇರೆ ಹಾಡು. ನೀರುನಾಯಿ ಅಂತ ಒಂದು ಪದ ಇಡೀ ಪ್ರಯಾಣದಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಬಂಡೆ ಮೇಲೆ ಕೂತಿದ್ದ ನೀರುಕಾಗೆಗಳು ಮಾತ್ರ ಎದ್ದು ಹಾರಿದವು. ಅದಕ್ಕೆ "ವಾವ್" ಅಂದರು.

ನೀರುನಾಯಿಗೂ ಗಲಾಪಗೋಸ್‌ನ ಪ್ರಾಣಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಆ ದ್ವೀಪಗಳಲ್ಲಿ ನೆಲದ ಮೇಲೆ ಬೇಟೆಯಾಡುವ ದೊಡ್ಡ ಪ್ರಾಣಿಗಳೇ ಇರಲಿಲ್ಲ. ಅದಕ್ಕೇ ಅಲ್ಲಿನ ಹಕ್ಕಿ, ಇಗ್ವಾನಾಗಳಿಗೆ ಎದುರಿಗೆ ಬಂದವರನ್ನು ಕಂಡು ಓಡುವ ಅಭ್ಯಾಸವೇ ಬೆಳೆಯಲಿಲ್ಲ. ನಮ್ಮ ನೀರುನಾಯಿ ಸಾವಿರಾರು ವರ್ಷ ಮನುಷ್ಯನ ಪಕ್ಕದಲ್ಲೇ ಬದುಕಿ, ಅವನಿಂದ ಬಚ್ಚಿಟ್ಟುಕೊಳ್ಳುವುದನ್ನು ಚೆನ್ನಾಗಿ ಕಲಿತಿದೆ. ಸಿಡಿಮದ್ದು ಎಸೆದು ಮೀನು ಹಿಡಿಯುವುದು, ದಡದ ಮರಳು ಬಗೆಯುವುದು, ಬಲೆ ಹರಿಯಿತೆಂದು ಹೊಡೆಯುವುದು, ಇದೆಲ್ಲ ಅದರ ಅನುಭವ. ಅದು ಗುಂಪಿನಲ್ಲಿ ಬದುಕುವ ಪ್ರಾಣಿ. ಮುಖ್ಯ ಆಹಾರ ಮೀನು. ಮರಿ ಹಾಕಲು ದಡದ ಬಿಲ, ಬಂಡೆ ಸಂದು ಬೇಕು. ಓಡಾಟ ಹೆಚ್ಚು ಬೆಳಗ್ಗೆ ಮತ್ತು ಸಂಜೆ, ಅಂದರೆ ಸರಿಯಾಗಿ ನಮ್ಮ 'ಗೋಲ್ಡನ್ ಅವರ್' ಫೋಟೋ ಹೊತ್ತಿಗೆ. ಜಗತ್ತಿನ ಮಟ್ಟದಲ್ಲಿ ಈ ಜಾತಿ ಅಳಿವಿನ ಅಪಾಯಕ್ಕೆ ಸಿಲುಕಬಹುದಾದವುಗಳ ಪಟ್ಟಿಯಲ್ಲಿದೆ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿಷೇಧ ಬಿತ್ತು. ಇಗ್ವಾನಾ ನೋಡಲು 2 ಮೀಟರ್ ದೂರ ಸಾಕಾದರೆ ನೀರುನಾಯಿ ನೋಡಲು ಅದರ ಎಷ್ಟೋ ಪಟ್ಟು ದೂರ ಬೇಕು, ಜೊತೆಗೆ ಮೌನ ಬೇಕು. ಕಟ್ಟುಪಾಡು ನಮ್ಮಲ್ಲಿ ಇನ್ನೂ ಬಿಗಿ ಇರಬೇಕಿತ್ತು. ಇರೋದು ಸ್ಪೀಕರ್.

ಮಾರನೇ ದಿನ ಬೆಳಗ್ಗೆ ಆರಕ್ಕೆ ಬೇರೊಂದು ಕಡೆ, ವಯಸ್ಸಾದ ಒಬ್ಬ ಅಂಬಿಗರ ಪುಟ್ಟಿಯಲ್ಲಿ ಒಬ್ಬಳೇ ಹೋದೆ. "ಕಾಕಾ, ತಿರುಗಿಸೋದು ಬ್ಯಾಡ, ನೀರುನಾಯಿ ಇರೋ ಕಡೆ ಸುಮ್ನ ನಿಲ್ಲಸ್ರಿ" ಅಂದೆ. ಅವರು ನನ್ನ ಮುಖ ನೋಡಿದರು. ಒಂದು ಗಡ್ಡಿಯ ನೆರಳಿಗೆ ಹೋಗಿ ಹುಟ್ಟು ಒಳಗಿಟ್ಟು ಕೂತರು. ಮುಕ್ಕಾಲು ಗಂಟೆ ಏನೂ ಇಲ್ಲ. ಬಂಡೆ ಮೇಲೆ ಒಣಗಿದ ಹಿಕ್ಕೆ ತೋರಿಸಿದರು, ಅದರ ತುಂಬ ಮೀನಿನ ಹುರುಪೆ. ಆಮೇಲೆ ಆಚೆ ದಡದಲ್ಲಿ ನೀರು ಗುಳುಗುಳು ಅಂದು ಐದು ತಲೆ ಮೇಲೆದ್ದವು. ಮೀನನ್ನು ಸುತ್ತುವರಿದು ಬಂದವು, ಒಂದು ಬಂಡೆ ಹತ್ತಿ ಮೈ ಉಜ್ಜಿಕೊಂಡಿತು, ಎರಡು ನಿಮಿಷ ಆಟ, ಮಾಯ. ನನ್ನ ಫೋನಿನಲ್ಲಿ ಐದು ಚುಕ್ಕೆ ಬಿಟ್ಟರೆ ಏನೂ ಬಂದಿಲ್ಲ.

ವಾಪಸು ಬರುವಾಗ ಕೇಳಿದೆ, ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಎಲ್ಲರಿಗೂ ತೋರಿಸಲ್ಲ ಅಂತ. ಅವರು ಹೇಳಿದ್ದು ಈ ಲೇಖನದ ಎಲ್ಲ ವಾದಕ್ಕಿಂತ ದೊಡ್ಡದು: "ನೋಡವ್ವಾ, ತಿರುಗಿಸಿದ್ರ ಮ್ಯಾಲ ನೂರು ರೂಪಾಯಿ ಕೊಡ್ತಾರ. ಸುಮ್ನ ಕುಂದ್ರಿಸಿದ್ರ ಇದ್ದದ್ದರಾಗ ಚೌಕಾಸಿ ಮಾಡ್ತಾರ."

ತಪ್ಪು ಅಂಬಿಗರದ್ದು ಅಂತ ಬರೆದು ಮುಗಿಸುವ ಲೇಖನಗಳನ್ನು ಓದಿದ್ದೀನಿ. ಹೊಳೆ ಬಗ್ಗೆ ಅವರಿಗೆ ಗೊತ್ತಿರುವಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅವರ ತಿಳಿವಳಿಕೆಗೆ ನಾವು ಬೆಲೆ ಕಟ್ಟಿಲ್ಲ, ಗಿರಗಿಟ್ಲೆಗೆ ಕಟ್ಟಿದ್ದೀವಿ. ಮಾರುಕಟ್ಟೆ ನಾವು ಕೇಳಿದ್ದನ್ನೇ ಕೊಡುತ್ತಿದೆ.

ಹತ್ತಿರದಲ್ಲೇ ಇರುವ ದರೋಜಿ ಕರಡಿಧಾಮದಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತೆ. 1994ರಲ್ಲಿ ಬಿಳಿಕಲ್ಲು ಕಾಡಿನ ಸುಮಾರು 5,587 ಹೆಕ್ಟೇರ್‌ನಲ್ಲಿ ಶುರುವಾದದ್ದು, ಆಮೇಲೆ ಬುಕ್ಕಸಾಗರದ ಕಾಡೂ ಸೇರಿ 82 ಚದರ ಕಿಲೋಮೀಟರ್ ದಾಟಿತು. ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲ, ಜೇನು ಸವರಿಡುವ ಪದ್ಧತಿ. ಸಂಜೆ ಕರಡಿಗಳು ನೆಕ್ಕಲು ಬರುತ್ತವೆ. ಪ್ರವಾಸಿಗರು ಎದುರಿನ ಗುಡ್ಡದ ಗೋಪುರದಿಂದ ನೋಡುತ್ತಾರೆ. ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳೋಣ. ಹುಲಿ ಸಫಾರಿಯ ಹಾಗೆ ಜೀಪುಗಳು ಕರಡಿಯನ್ನು ಅಟ್ಟಿಸಿಕೊಂಡು ಹೋಗಲ್ಲ. ನೋಡುವವರೂ ನೋಡಿಸಿಕೊಳ್ಳುವವರೂ ದೂರ ಇರುತ್ತಾರೆ, ಇದು ದೊಡ್ಡ ಗುಣ. ಆದರೆ ಗೆದ್ದಲು, ಬಾರೆಹಣ್ಣು, ಕಕ್ಕೆಕಾಯಿ ಹುಡುಕಿ ತಿನ್ನಬೇಕಾದ ಪ್ರಾಣಿ ನಮ್ಮ ಸಂಜೆಯ ಟೈಮ್‌ಟೇಬಲ್‌ಗೆ ಹಾಜರಿ ಹಾಕುವಂತೆ ಮಾಡಿದರೆ ಅದು ಕಾಡಿನ ನೋಟವೋ ಕ್ಯಾಂಟೀನಿನ ನೋಟವೋ? 'ಗ್ಯಾರಂಟಿ ಸೈಟಿಂಗ್' ಅನ್ನೋ ಪದವೇ ಅಸಂಬದ್ಧ. ಕಾಡುಪ್ರಾಣಿ ಬಾರದೇ ಇರಬಹುದು, ಅದಕ್ಕೇ ಅದು ಕಾಡುಪ್ರಾಣಿ. ಅದೇ ದರೋಜಿಗೆ ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ಬರುವ ಹಕ್ಕಿಪ್ರಿಯರು ಅರ್ಧ ದಿನ ಒಂದೇ ಬಂಡೆಗೆ ಒರಗಿ ಕೂರುತ್ತಾರೆ. ಹಕ್ಕಿ ಬಾರದಿದ್ದರೆ ರಿಫಂಡ್ ಕೇಳಲ್ಲ.

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಇದಕ್ಕೆ ಒಳ್ಳೆಯ ಉತ್ತರ. 244 ಎಕರೆಯ ಕೆರೆ, ನೀರಿನೊಳಗೇ ಜಾಲಿ ಮರಗಳು, ಮರದ ತುಂಬ ಕೊಕ್ಕರೆ ಗೂಡು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಏರಿ ಮೇಲೆ ನಿಂತು ನೋಡಿದರೆ ಸಾಕು. ಎಷ್ಟೋ ಸಲ ಒಳ್ಳೆಯ ವನ್ಯಜೀವಿ ಪ್ರವಾಸ ಅಂದರೆ ದೋಣಿ ಹತ್ತದೇ ಇರುವುದು.

ಇನ್ನು ಜ್ವಾಲಾಮುಖಿ. ಜಾಹೀರಾತಿನ ಅತಿ ದೊಡ್ಡ ಆಕರ್ಷಣೆ ಅದೇ ತಾನೇ? ನಮ್ಮ ರಾಜ್ಯದಲ್ಲೇ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಗಳು ಅಪ್ಪಟ ಜ್ವಾಲಾಮುಖಿ ಕಲ್ಲು, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ಆದರೆ ನನ್ನ ಊರಿನ ಬೆಟ್ಟದ ಮುಂದೆ ಅದೂ ಕೂಸು. ಹಂಪಿಯ ಬಂಡೆ ಗ್ರಾನೈಟ್, ಭೂಮಿಯ ಒಳಗೇ ನಿಧಾನವಾಗಿ ತಣ್ಣಗಾದ ಶಿಲಾರಸ. ಅಲ್ಲಿಂದ ಒಂದು ಗಂಟೆ ದೂರದ ಸಂಡೂರಿನ ಬೆಟ್ಟಸಾಲಿನ ಕಥೆಯೇ ಬೇರೆ. ಅಲ್ಲಿ ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ಇದೆ. ಕಾದ ಲಾವಾ ತಣ್ಣೀರಿಗೆ ತಾಗಿದ ಕೂಡಲೇ ಹೊರಮೈ ಗಟ್ಟಿಯಾಗಿ ದಿಂಬಿನ ಹಾಗೆ ಉಬ್ಬುತ್ತೆ; ಅಂಥ ದಿಂಬಿನ ಕಲ್ಲು ಈ ಸಾಲಿನಲ್ಲಿ ಸಿಗುತ್ತೆ. ಆಗಿನ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಪದರ ಪದರವಾಗಿ ತಳಕ್ಕೆ ಇಳಿದು ಇವತ್ತಿನ ಅದಿರಾಯಿತು. ಅಂದರೆ ದೋಣಿಮಲೈಗೆ ಸಮುದ್ರ ಇಲ್ಲದೇ ಇಲ್ಲ. ಸಮುದ್ರದ ತಳವೇ ಬೆಟ್ಟವಾಗಿ ನಿಂತಿದೆ.

ಆ ಬೆಟ್ಟವನ್ನು ನಾವು ಲಾರಿಯಲ್ಲಿ ತುಂಬಿ ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ, 2011ರ ಜುಲೈನಲ್ಲಿ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ, ಎಲ್ಲ ಆಗಿದೆ. ಕಥೆ ಮುಗಿದಿಲ್ಲ. 2024ರ ಜೂನ್‌ನಲ್ಲಿ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕೆಐಒಸಿಎಲ್ ಗಣಿಗೆ 400 ಹೆಕ್ಟೇರಿಗೂ ಹೆಚ್ಚು ಅರಣ್ಯ ಕೊಡುವ ಮಾತು ಮತ್ತೆ ಎದ್ದಿತು. ಕಡಿಯಬೇಕಾದ ಮರಗಳ ಲೆಕ್ಕ 99 ಸಾವಿರ ದಾಟಿತ್ತು. ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಅಂತ ರಾಜ್ಯದ ಅರಣ್ಯ ಸಚಿವರು ತಡೆದರು. ಸಂಡೂರಿನ ಕಣಿವೆಯ ನಾರಿಹಳ್ಳ ಹರಿದು ಸೇರುವುದು ದರೋಜಿ ಕೆರೆಗೆ. ಮೇಲೆ ಮರ ಕಡಿದರೆ ಅದರ ಕೆಸರು ಎಲ್ಲಿಗೆ ಇಳಿಯುತ್ತೆ ಅಂತ ಯೋಚಿಸಲು ಪಿಎಚ್‌ಡಿ ಬೇಕಿಲ್ಲ. ಗಣಿಯ ದುಡ್ಡಿನಲ್ಲಿ ಓದಿದ ಮನೆಯವಳು ನಾನು, ಗಣಿಯೇ ಬೇಡ ಅನ್ನುವ ಭಾಷಣ ಮಾಡಲ್ಲ. ಆದರೆ ದೂರದ ಜ್ವಾಲಾಮುಖಿ ದ್ವೀಪದ ಕಲ್ಲು ತುಳಿಯದಂತೆ ಎಚ್ಚರದಿಂದ ಹೆಜ್ಜೆ ಇಡುವ ನಾವು, ಅದಕ್ಕಿಂತ ಎಷ್ಟೋ ಹಳೆಯ ಕಲ್ಲಿನ ಮೇಲಿನ ಕಾಡು ಹೋಗುವಾಗ ಒಂದು ಅರ್ಜಿಗೂ ಸಹಿ ಹಾಕದಿದ್ದರೆ, ನಮ್ಮ ವನ್ಯಜೀವಿ ಪ್ರೀತಿಗೆ ಪಾಸ್‌ಪೋರ್ಟ್ ಇದೆ, ಪಿನ್‌ಕೋಡ್ ಇಲ್ಲ ಅಂತ ಅರ್ಥ.

ಹೊಳೆಯ ವಿಷಯದಲ್ಲಿ ಒಂದು ಆಕ್ಷೇಪ ಬರುತ್ತೆ, ಅದಕ್ಕೆ ಉತ್ತರ ಕೊಡಲೇಬೇಕು. ಕಟ್ಟುಪಾಡು ತಂದರೆ ಬಡ ಅಂಬಿಗರ ಹೊಟ್ಟೆ ಮೇಲೆ ಹೊಡೆದಂತೆ ಅಲ್ವಾ? ವಿರೂಪಾಪುರ ಗಡ್ಡಿಯನ್ನೇ ನೋಡಿ. ವರ್ಷಗಟ್ಟಲೆ ರೆಸಾರ್ಟ್‌ಗಳು ಏಳುತ್ತಾ ಹೋದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಅಲ್ಲಿ ಕೆಲಸ ಮಾಡುತ್ತಿದ್ದವರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಸಣ್ಣ ಕಟ್ಟುಪಾಡನ್ನು ಸರಿಯಾದ ಹೊತ್ತಿಗೆ ತರದಿದ್ದರೆ ದೊಡ್ಡದು ತಡವಾಗಿ ಬರುತ್ತೆ, ಬರುವಾಗ ಬಡವರ ಮೇಲೇ ಮೊದಲು ಬೀಳುತ್ತೆ.

ದಾರಿ ಇಲ್ಲದೇ ಇಲ್ಲ. ಸಂರಕ್ಷಣಾ ಮೀಸಲು ಅನ್ನೋದು ರಾಷ್ಟ್ರೀಯ ಉದ್ಯಾನದಷ್ಟು ಬಿಗಿಯಾದ ವ್ಯವಸ್ಥೆ ಅಲ್ಲ. ಜನರ ಹಕ್ಕುಗಳನ್ನು ಉಳಿಸಿಕೊಂಡೇ ಕಾಪಾಡುವುದು ಅದರ ಉದ್ದೇಶ. ಅದಕ್ಕೊಂದು ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಯವರೂ ಕೂರಬೇಕು ಅಂತ ಕಾನೂನೇ ಹೇಳುತ್ತೆ. ಆ ಸಮಿತಿಯ ಮೂಲಕವೇ ಅಂಬಿಗರಿಗೆ ನೀರುನಾಯಿ ಗೈಡ್ ಅಂತ ಗುರುತಿನ ಚೀಟಿ ಕೊಡಬಹುದು. ಕೂಗಾಟದ ಮೋಜಿಗೆ ಒಂದು ಸಣ್ಣ ತುಂಡು ಬಿಟ್ಟುಕೊಟ್ಟು, ಬಿಲಗಳಿರುವ ಗಡ್ಡಿಗಳ ಹತ್ತಿರ ಮರಿ ಸಾಕುವ ತಿಂಗಳಲ್ಲಿ ಯಾರೂ ಹೋಗದಂತೆ ಮಾಡಬಹುದು. ಸ್ಪೀಕರ್, ಡ್ರೋನ್ ಪೂರ್ತಿ ನಿಲ್ಲಿಸಬಹುದು. ಸುಮ್ಮನೆ ಕೂರುವ ಒಂದು ಗಂಟೆಗೆ ತಿರುಗಿಸುವ ಅರ್ಧ ಗಂಟೆಗಿಂತ ಹೆಚ್ಚು ದರ ಇಡಬಹುದು. ಯಾಟ್ ಬೇಡ, ಜೆಟ್ಟಿ ಬೇಡ, ಕೋಟಿಗಟ್ಟಲೆ ಯೋಜನೆ ಬೇಡ. ಸಮಿತಿಯ ಒಂದು ಸಭೆ ಮತ್ತು ಹತ್ತು ಬೋರ್ಡ್ ಸಾಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ನಮ್ಮ ಪರ್ಸು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಹೊಸಪೇಟೆ. ವೀಸಾ ಬೇಡ, ಮೂರು ವಿಮಾನ ಬೇಡ. ಗಲಾಪಗೋಸ್‌ಗೂ ಹೋಗಿ, ಬೇಡ ಅನ್ನಲ್ಲ. ಅಲ್ಲಿಂದ ಬರುವಾಗ ಫೋಟೋ ಜೊತೆಗೆ ಆ ಗೈಡ್ ಬೈದದ್ದನ್ನೂ ತನ್ನಿ. ಆಮೇಲೆ ಒಂದು ಶನಿವಾರ ಹೊಳೆಗೆ ಬಂದು ಪುಟ್ಟಿ ಹತ್ತುವ ಮುಂಚೆ ಅಂಬಿಗರಿಗೆ ಹೇಳಿ: "ತಿರುಗಿಸಬೇಡಿ, ಹಾಡು ಬೇಡ, ಮೇಲಿನ ನೂರು ರೂಪಾಯಿ ಸುಮ್ಮನೆ ಕೂರಿಸಿದ್ದಕ್ಕೆ." ನೀರುನಾಯಿ ಬಂದರೂ ಕೊಡಿ, ಬಾರದಿದ್ದರೂ ಕೊಡಿ.